ಸಾರಾಗಬೇಕಿದ್ದ ಕೊರವ ಮೀನು

ಕೊರವ ಮೀನನ್ನು ನಾನು ಹುಡುಕಿಕೊಂಡು ಹೋಗಿದ್ದಲ್ಲ. ಕೊಡಗಿನ ಕಕ್ಕಡ ತಿಂಗಳ, ಅಂದರೆ ಜುಲೈ-ಆಗಸ್ಟ್‌ನ ಮಳೆಗೆ ನಮ್ಮ ಗದ್ದೆಯ ಏರಿ ಒಡೆದಿತ್ತು. ಮಣ್ಣು ಹಾಕಲು ಹೋದಾಗ ನೀರು ಇಳಿದ ಗುಂಡಿಯಲ್ಲಿ ಬೆರಳುದ್ದದ ಮೂರು ಮರಿ ಸಿಕ್ಕವು. ಎರಡನ್ನು ತೋಡಿಗೆ ಬಿಟ್ಟು ಒಂದನ್ನು ಬಕೆಟ್‌ನಲ್ಲಿ ಮನೆಗೆ ತಂದೆ.

"ಸಾರಿಗೂ ಸಾಲಲ್ಲ, ನೋಡೋಕೂ ಚಂದ ಇಲ್ಲ, ಯಾಕೋ ತಂದೆ ಇದನ್ನ?" ಅಂದರು ಅಮ್ಮ.

ಚಂದ ಇಲ್ಲ ಅನ್ನೋದು ಸುಳ್ಳು. ನಮ್ಮ ಗದ್ದೆ, ತೋಡುಗಳ ಈ ಗಿಡ್ಡ ಜಾತಿಗೆ ಪುಸ್ತಕದಲ್ಲಿ ಚನ್ನಾ ಗಚುವಾ ಅನ್ನುತ್ತಾರೆ. ಗೇಣುದ್ದ ಆದರೆ ಹೆಚ್ಚು. ರೆಕ್ಕೆಯ ಅಂಚಿಗೆ ಕಿತ್ತಳೆ ಗೀರು, ಬೆಳಕು ಬಿದ್ದರೆ ನೀಲಿ ಹೊಳಪು. ದೊಡ್ಡ ಜಾತಿಯ ಮರಲ್ ಮರಿಯಾಗಿದ್ದರೆ ತರುತ್ತಲೇ ಇರಲಿಲ್ಲ. ಅದು ಮೂರಡಿ ಬೆಳೆದರೆ ಎಲ್ಲಿ ಇಡೋದು?

ಎರಡು ವಾರ ಹಳೇ ಟಬ್ಬಿನಲ್ಲಿ ಬೇರೆ ಇಟ್ಟು, ಮೈಮೇಲೆ ಹುಳ, ಬೂಸ್ಟು ಇದೆಯಾ ನೋಡಿಕೊಂಡೆ. ಆಮೇಲೆ 3 ಅಡಿ ಉದ್ದದ ಗಾಜಿನ ತೊಟ್ಟಿ. ಹೀಟರ್ ಬೇಡ, ನಮ್ಮೂರಿನ ಚಳಿ ಇದಕ್ಕೆ ಹುಟ್ಟಿನಿಂದ ಗೊತ್ತು. ನೀರು ಮನೆಯ ಬಾವಿಯದು. ಅಡಗಿ ಕೂರಲು ಒಡೆದ ಮಡಕೆ, ಒಣಗಿದ ಹಲಸಿನ ಎಲೆ. ಎಲೆಯನ್ನು ಹಿತ್ತಲಿನ ಮರದಿಂದಲೇ ತಂದೆ, ತೋಟದಿಂದ ಅಲ್ಲ. ಮಳೆಗೆ ಮುಂಚೆ ತೋಟಕ್ಕೆ ರೋಗ ಬರದಂತೆ ಬೋರ್ಡೋ ದ್ರಾವಣ ಹೊಡೆದಿರುತ್ತೇವೆ. ಅದರಲ್ಲಿರುವ ಮೈಲುತುತ್ತ ತಾಮ್ರದ್ದು, ಮೀನಿಗೆ ವಿಷ.

ತಿನ್ನಿಸೋದೇ ದೊಡ್ಡ ಕೆಲಸವಾಯಿತು. ಅಂಗಡಿಯ ಕಾಳನ್ನು ಮೂಸಿಯೂ ನೋಡಲಿಲ್ಲ. ನಾಲ್ಕು ದಿನ ಉಪವಾಸ. ಕೊನೆಗೆ ಚಿಮಟದಲ್ಲಿ ಹಿಡಿದು ಎರೆಹುಳ ಬಿಟ್ಟೆ. ಹುಳ ಇಳಿಯುತ್ತಿದ್ದಂತೆ ಮಡಕೆಯೊಳಗಿಂದ ಮೊದಲು ಕಣ್ಣು ತಿರುಗಿತು, ಮೈ ಅಲುಗಲಿಲ್ಲ. ಆಮೇಲೆ ನಿಧಾನವಾಗಿ ಹಾವಿನ ಹಾಗೆ ಮೈ ಸೊಟ್ಟ ಮಾಡಿತು. 'ಟಪ್' ಅಂತ ಸದ್ದು ಬಂತು, ಹುಳ ಇಲ್ಲ. ಬಾಯಿ ತೆರೆದಿದ್ದು ನನಗೆ ಕಾಣಲೇ ಇಲ್ಲ! ಒಂದು ತಿಂಗಳು ಹುಳ ಕೊಟ್ಟು, ನಂತರ ಅದೇ ಚಿಮಟದಲ್ಲಿ ಸಿಗಡಿ ಚೂರನ್ನು ಹುಳದ ಹಾಗೆ ಅಲ್ಲಾಡಿಸಿದೆ. ಮೋಸ ಹೋಯಿತು, ಪಾಪ. ಈಗ ಎರಡು ದಿನಕ್ಕೊಮ್ಮೆ ಸಿಗಡಿ, ಮಧ್ಯೆ ಮಿಡತೆ. ಜೊತೆಗಿರಲಿ ಅಂತ ಬಿಟ್ಟ ಐದು ಸಣ್ಣ ಮೀನು ಮೂರು ರಾತ್ರಿಯಲ್ಲಿ ಖಾಲಿ. ಬಾಯಿಗೆ ಹಿಡಿಸುವುದೆಲ್ಲ ಅದಕ್ಕೆ ಊಟ, ಅಲ್ವಾ.

ನಾನು ಮಾಡಿದ ದೊಡ್ಡ ತಪ್ಪು ಮುಚ್ಚಳದ್ದು. ಫಿಲ್ಟರ್ ಪೈಪಿಗೆ ಅಂತ ಮೂಲೆಯಲ್ಲಿ ಎರಡು ಬೆರಳಿನಷ್ಟು ಸಂದು ಬಿಟ್ಟಿದ್ದೆ. ಒಂದು ಬೆಳಗ್ಗೆ ತೊಟ್ಟಿ ಖಾಲಿ. ಹುಡುಕಿ ಹುಡುಕಿ, ಕೊನೆಗೆ ಅಡುಗೆಮನೆಯ ಸೌದೆ ರಾಶಿಯ ಹಿಂದೆ ಸಿಕ್ಕಿತು. ಮೈಗೆಲ್ಲ ಬೂದಿ, ತೊಗಟೆ ಚೂರು ಅಂಟಿತ್ತು. ಸತ್ತಿದೆ ಅಂದುಕೊಂಡು ಬಾಲ ಹಿಡಿದೆ, ಕೊಸರಿತು! ಮಳೆಗಾಲದ ಒದ್ದೆ ನೆಲ, ಮೇಲೆ ಮೈಯ ಲೋಳೆ. ಅದಕ್ಕೇ ಬದುಕಿತ್ತು. ಇದು ಬಾಯಿಂದ ಗಾಳಿ ಎಳೆದು ಉಸಿರಾಡುವ ಮೀನು. ತಲೆಯಲ್ಲಿ ಕಿವಿರಿನ ಮೇಲೆ ಅದಕ್ಕೇ ಬೇರೆ ಗೂಡಿದೆ. ಹಾಗಂತ ನೀರನ್ನು ಬಾಯಿಮಟ್ಟ ತುಂಬಿಸಿ ಮುಚ್ಚಿದರೂ ಕಷ್ಟವೇ. ಮೇಲೆ ಬಂದಾಗ ಗಾಳಿ ಸಿಗದಿದ್ದರೆ ನೀರಿನಲ್ಲೇ ಉಸಿರುಗಟ್ಟುತ್ತದೆ. ನಾನು ನಾಲ್ಕು ಬೆರಳು ಖಾಲಿ ಬಿಟ್ಟಿದ್ದೇನೆ.

ಇದರಿಂದ ಒಂದು ಲಾಭವೂ ಉಂಟು. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ಹೋದರೆ ದಿನಗಟ್ಟಲೆ ಬರಲ್ಲ. ಬೇರೆ ಮೀನಾದರೆ ಏರ್ ಪಂಪ್ ಇಲ್ಲದೆ ಒದ್ದಾಡುತ್ತಿತ್ತು. ಇದು ಮಾತ್ರ ಕತ್ತಲಲ್ಲಿ ಆಗಾಗ 'ಪುಳಕ್' ಅಂತ ಗಾಳಿ ಕುಡಿದು ಸುಮ್ನೆ ಕೆಳಗಿಳಿಯುತ್ತದೆ. ಫಿಲ್ಟರ್ ನಿಂತ ದಿನ ಸಿಗಡಿ ಹಾಕಲ್ಲ, ನೀರು ಕೆಡುತ್ತೆ.

ಇನ್ನು ತೋಡಿಗೆ ವಾಪಸ್ ಬಿಡುವ ಮಾತಿಲ್ಲ. ಅಂಗಡಿಯ ಮೀನಿನ ಜೊತೆ ಇದ್ದು ಯಾವ ರೋಗ ಹತ್ತಿಸಿಕೊಂಡಿದೆಯೋ. ಸಾಯುವ ತನಕ ನಮ್ಮನೇಲೇ.

ಮುಚ್ಚಳಕ್ಕೆ ಈಗ ಹಲಗೆ, ಸಂದಿಗೆ ಸೊಳ್ಳೆ ಜಾಲರಿ, ಹಲಗೆಯ ಮೇಲೆ ಅಮ್ಮನ ಕುಟ್ಟಾಣಿ. ಮೆಣಸು ಕುಟ್ಟಬೇಕಾದಾಗಲೆಲ್ಲ ಅವರು ಅದನ್ನು ಎತ್ತಿ, ಬದಲಿಗೆ ಅಕ್ಕಿ ಡಬ್ಬ ಇಟ್ಟು ಹೋಗುತ್ತಾರೆ.