ಗದ್ದೆ ನೀರಿನಲ್ಲಿ ಅಮೀಬಾ ಹುಡುಕುವುದು ಹೇಗೆ?

ಅಮೀಬಾ ಚಿತ್ರ ಬರೆಯದೆ ಹೈಸ್ಕೂಲು ದಾಟಿದವರು ನಮ್ಮಲ್ಲಿ ಕಡಿಮೆ. ಹೆಂಚಿನ ಮೇಲೆ ಚೆಲ್ಲಿದ ದೋಸೆ ಹಿಟ್ಟಿನ ಹಾಗೆ ಒಂದು ಸೊಟ್ಟ ಗೆರೆ, ನಡುವೆ ಒಂದು ಗುಂಡು, ಪಕ್ಕದಲ್ಲೊಂದು ಸೊನ್ನೆ, ನಾಲ್ಕು ಬಾಣದ ಗುರುತು. ಹೇಗೆ ಬರೆದರೂ ತಪ್ಪಾಗದ ಚಿತ್ರ ಅದೊಂದೇ. ಆದರೆ ನಿಜವಾದ ಅಮೀಬಾ ನೋಡಿದವರು ಎಷ್ಟು ಜನ? ನಲವತ್ತು ದಾಟುವವರೆಗೆ ನಾನೂ ನೋಡಿರಲಿಲ್ಲ. ಎಂಟನೇ ಕ್ಲಾಸು ಓದುವ ತಂಗಿಯ ಮಗ ಒಂದು ದಿನ ಕೇಳಿದ: "ಮಾವ, ಇದು ನಮ್ಮ ಗದ್ದೇಲಿ ಸಿಗುತ್ತಾ?"

ಸಿಗುತ್ತದೆ. ಆದರೆ ಮೊದಲ ಮೂರು ಸಲ ನಮಗೆ ಸಿಗಲಿಲ್ಲ. ಮಂಡ್ಯದ ಕಡೆ ನೀರಿಗೇನು ಬರ, ವಿಶ್ವೇಶ್ವರಯ್ಯ (ವಿ.ಸಿ.) ನಾಲೆಯ ನೀರು ಮನೆ ಹಿಂದೆಯೇ ಹರಿಯುತ್ತದೆ. ಹರಿಯುವ ತಿಳಿನೀರನ್ನು ಬಾಟಲಿಯಲ್ಲಿ ತುಂಬಿ ತಂದು, ಹನಿ ಹನಿಯಾಗಿ ನೋಡಿ, ಏನೂ ಕಾಣದೆ ಚೆಲ್ಲಿದೆವು. ತಪ್ಪು ಅಲ್ಲೇ ಇತ್ತು. ಅಮೀಬಾ ಈಜುವುದಿಲ್ಲ, ತೆವಳುತ್ತದೆ. ತೆವಳಲು ನೆಲ ಬೇಕು. ಅದರ ಊಟವಾದ ಬ್ಯಾಕ್ಟೀರಿಯಾ, ಪಾಚಿಯ ಚೂರು, ಪುಟ್ಟ ಜೀವಿಗಳು ಇರುವುದೂ ಕೊಳೆಯುವ ಎಲೆಯ ಮೇಲೆ, ತಳದ ಕೆಸರಿನ ಮೇಲೆ.

ನೀರು ತರುವುದು

ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಬಿಟ್ಟು ಕೆಲವು ದಿನ ತಡೆಯುವ ಸರದಿಯಲ್ಲಿ, ನಾಲೆಗೆ ನೀರು ನಿಲ್ಲಿಸುತ್ತಾರಲ್ಲ, ಆಗ ಗದ್ದೆಯ ಬದುವಿನ ಪಕ್ಕ ಅಲ್ಲಲ್ಲಿ ಗುಂಡಿಯಲ್ಲಿ ನೀರು ಉಳಿಯುತ್ತದೆ. ಅದು ಒಳ್ಳೆಯ ಜಾಗ. ಹೊಸದಾಗಿ ಔಷಧಿ ಹೊಡೆದ ಗದ್ದೆ ಮಾತ್ರ ಬೇಡ. ಮೈಸೂರಿನವರಾದರೆ ಕುಕ್ಕರಹಳ್ಳಿ ಕೆರೆ, ಲಿಂಗಾಂಬುಧಿ ಕೆರೆಯಂಥ ಕಡೆ ಎಲೆ ಉದುರಿ ನಿಂತ ದಡದ ನೀರು ಸಾಕು. ಕಾವಲಿನವರಿಗೆ ಒಂದು ಮಾತು ಹೇಳಿ ತನ್ನಿ.

ಅರ್ಧ ಕೊಳೆತ ನಾಲ್ಕು ಎಲೆ, ಅವುಗಳ ಅಡಿಯ ಕಂದು ಲೋಳೆ, ತಳದ ಕೆಸರಿನ ಮೇಲ್ಪದರ ಒಂದೆರಡು ಚಮಚ, ಮೇಲೆ ಅದೇ ನೀರು. ಬಾಟಲಿ ಮುಕ್ಕಾಲು ತುಂಬಿದರೆ ಸಾಕು, ಉಳಿದದ್ದು ಗಾಳಿಗೆ. ಮುಚ್ಚಳ ಬಿಗಿ ಮಾಡಬೇಡಿ. ಮಕ್ಕಳನ್ನು ನೀರಿಗೆ ಇಳಿಸಬೇಡಿ. ಕೈಗೆ ಗ್ಲೌಸ್ ಇರಲಿ, ಮನೆಗೆ ಬಂದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ.

ಸಾಕುವುದು

ಒಂದು ಹಿಡಿ ಬತ್ತದ ಹುಲ್ಲನ್ನು ಚಿಕ್ಕದಾಗಿ ಕತ್ತರಿಸಿ, ನೀರಿನಲ್ಲಿ ಹತ್ತು ನಿಮಿಷ ಕುದಿಸಿ, ಪೂರ್ತಿ ಆರಿಸಿ. ನಲ್ಲಿ ನೀರಾದರೆ ಮೊದಲೇ ಒಂದು ದಿನ ಪಾತ್ರೆಯಲ್ಲಿ ತೆರೆದಿಡಿ, ಕ್ಲೋರಿನ್ ಹೋಗಲಿ. ಆರಿದ ಹುಲ್ಲಿನ ನೀರಿಗೆ ತಂದ ಕೆಸರು ನೀರು ಸೇರಿಸಿ, ಬೆಂದ ಅನ್ನದ ಎರಡು ಅಗುಳು ಹಾಕಿ, ಬಿಸಿಲು ಬೀಳದ ಜಾಗದಲ್ಲಿಡಿ. ಎರಡೇ ಅಗುಳು. ನಾವು ಮೊದಲು ಪ್ರೀತಿಯಿಂದ ಒಂದು ಚಮಚ ಅನ್ನ ಹಾಕಿ, ಮನೆಯೆಲ್ಲ ನಾತ ಹಿಡಿಸಿಕೊಂಡಿದ್ದೆವು.

ಮೊದಲೆರಡು ದಿನ ನೀರು ಮಬ್ಬಾಗುತ್ತದೆ, ಮೇಲೆ ತೆಳ್ಳನೆ ಕೆನೆ ಕಟ್ಟುತ್ತದೆ. ಅದು ಬ್ಯಾಕ್ಟೀರಿಯಾ. ಅದನ್ನು ತಿನ್ನಲು ಸರ್ರನೆ ಓಡಾಡುವ ಸಣ್ಣ ಜೀವಿಗಳು ಹೆಚ್ಚುತ್ತವೆ, ಪ್ಯಾರಾಮೀಸಿಯಂ ಅವುಗಳಲ್ಲೊಂದು. ಅಮೀಬಾ ನಿಧಾನಸ್ಥ. ಒಂದರಿಂದ ಮೂರು ವಾರ ಕಾಯಿರಿ.

ಇಲ್ಲೊಂದು ಉಪಾಯ. ಗಾಜಿನ ಸ್ಲೈಡನ್ನು ದಾರದಲ್ಲಿ ಕಟ್ಟಿ ಬಾಟಲಿಯ ತಳಕ್ಕೆ ಇಳಿಸಿ ಮೂರು ನಾಲ್ಕು ದಿನ ಬಿಡಿ. ನೀವು ಹುಡುಕುವುದು ತಪ್ಪುತ್ತದೆ, ಅಮೀಬಾಗಳೇ ಸ್ಲೈಡ್ ಹತ್ತಿ ಕೂತಿರುತ್ತವೆ. ನಾಲ್ಕನೇ ಸಲ ನಮ್ಮ ಕೈ ಹಿಡಿದದ್ದು ಇದೇ.

ನೋಡುವುದು

ಶಾಲೆಯ ಸಾಮಾನ್ಯ ಮೈಕ್ರೋಸ್ಕೋಪ್ ಸಾಕು. ಅದಿಲ್ಲದಿದ್ದರೆ ಕಾಗದ ಮಡಚಿ ಜೋಡಿಸುವ ಫೋಲ್ಡ್‌ಸ್ಕೋಪ್ ಇದೆ. ಸ್ಟ್ಯಾನ್‌ಫರ್ಡ್‌ನಲ್ಲಿರುವ ಮನು ಪ್ರಕಾಶ್ ಮತ್ತು ಜೊತೆಗಾರರು ಮಾಡಿದ್ದು, ಸುಮಾರು 140 ಪಟ್ಟು ದೊಡ್ಡದಾಗಿ ತೋರಿಸುತ್ತದೆ.

ಸ್ಲೈಡ್ ಮೇಲೆ ಹನಿ ಇಟ್ಟು, ಅಮೀಬಾ ಅಪ್ಪಚ್ಚಿಯಾಗದಂತೆ ಒಂದೆರಡು ತಲೆಕೂದಲು ಅಡ್ಡ ಹಾಕಿ ಕವರ್ ಸ್ಲಿಪ್ ಎಂಬ ತೆಳು ಗಾಜು ಮುಚ್ಚಿ. ಮೊದಲು 40 ಪಟ್ಟು, ಆಮೇಲೆ 100 ಪಟ್ಟು. ಬೆಳಕು ಕಡಿಮೆ ಮಾಡುವುದು ತುಂಬಾ ಮುಖ್ಯ. ಅಮೀಬಾ ಗಾಜಿನಂಥದ್ದು, ಜೋರು ಬೆಳಕಿನಲ್ಲಿ ಕಣ್ಣೆದುರೇ ಮಾಯ. ಇನ್ನೊಂದು ವಿಷಯ: ಅಲುಗಾಡಿಸಿದರೆ ಅದು ಮುದುರಿ ಉಂಡೆಯಾಗುತ್ತದೆ. ಪುಸ್ತಕದ ಚಿತ್ರ ಮನಸ್ಸಿನಲ್ಲಿಟ್ಟುಕೊಂಡು ಹುಡುಕಿದರೆ ಆ ಉಂಡೆಯನ್ನು ಕಸ ಅಂತ ದಾಟಿ ಹೋಗುತ್ತೀರಿ. ಹತ್ತು ನಿಮಿಷ ಸುಮ್ನೆ ಕೂತಿರಿ. ಕಸದ ಒಂದು ಬದಿಯಿಂದ ಬೆರಳಿನಂಥದ್ದು ಮೆಲ್ಲಗೆ ಹೊರಟರೆ, ಅದೇ.

ಪುಸ್ತಕದ ಅಮೀಬಾ ಪ್ರೋಟಿಯಸ್ ದೊಡ್ಡದು, ಕಾಲು ಮಿಲಿಮೀಟರಿನಿಂದ ಅರ್ಧ ಮಿಲಿಮೀಟರ್ ಇರುತ್ತದೆ. ಕಪ್ಪು ಬಟ್ಟೆಯ ಮೇಲಿಟ್ಟ ಗಾಜಿನ ತಟ್ಟೆಯಲ್ಲಿ ಬರಿಗಣ್ಣಿಗೂ ಬಿಳಿ ಚುಕ್ಕಿಯಂತೆ ಕಂಡೀತು. ಅದೇ ಸಿಗಬೇಕೆಂಬ ಹಠ ಬೇಡ. ಅದಕ್ಕಿಂತ ತೀರಾ ಸಣ್ಣ ಅಮೀಬಾಗಳೇ ಜಾಸ್ತಿ.

ಏನು ಕಾಣುತ್ತದೆ?

ಇಡೀ ಜೀವಿಯೇ ಒಂದು ಜೀವಕೋಶ. ಕಾಲಿಲ್ಲದೆ ಅದು ನಡೆಯುವ ಬಗೆ ಅರ್ಥವಾಗಲು ನಮ್ಮ ಆಲೆಮನೆ ನೆನೆಸಿಕೊಳ್ಳಿ. ಕೊಪ್ಪರಿಗೆಯಿಂದ ಸುರಿದ ಪಾಕ ಅಂಚಿನಲ್ಲಿ ಬೇಗ ಗಟ್ಟಿಯಾಗುತ್ತದೆ, ನಡುವೆ ಇನ್ನೂ ಹರಿಯುತ್ತಿರುತ್ತದೆ. ಅಮೀಬಾದ ಮೈಯೂ ಹಾಗೇ, ಹೊರಗೆ ಗಟ್ಟಿ ಲೋಳೆ, ಒಳಗೆ ಹರಿಯುವ ದ್ರವ. ಒಳಗಿನದು ಮುಂದಕ್ಕೆ ನುಗ್ಗಿ ತುದಿಯಲ್ಲಿ ಬದಿಗೆ ಸರಿದು ಗಟ್ಟಿಯಾಗುತ್ತದೆ. ಹಿಂದೆ ಗಟ್ಟಿಯಾಗಿದ್ದದ್ದು ಕರಗಿ ಮತ್ತೆ ಒಳಗೆ ಹರಿಯುತ್ತದೆ. ಬೆಲ್ಲಕ್ಕೆ ಆ ಎರಡನೇ ಕೆಲಸ ಬೆಂಕಿಯಿಲ್ಲದೆ ಬಾರದು. ಹೀಗೆ ಚಾಚುವ ಬೆರಳೇ ಮಿಥ್ಯಪಾದ. ವೇಗ ಗಂಟೆಗೆ ಒಂದೆರಡು ಸೆಂಟಿಮೀಟರ್.

ಊಟ ಎದುರಾದರೆ ಎರಡು ಕಡೆಯಿಂದ ಮೈ ಚಾಚಿ ತಬ್ಬಿಕೊಂಡು ಒಳಗೆ ಸೇರಿಸಿಕೊಳ್ಳುತ್ತದೆ. ಆ ಚೀಲದಲ್ಲೇ ಅರಗಿಸಿ, ಉಳಿದ ಕಸವನ್ನು ದಾರಿಯಲ್ಲಿ ಬಿಟ್ಟು ಮುಂದೆ ಹೋಗುತ್ತದೆ.

ನೀವು ಚಿತ್ರದಲ್ಲಿ ಬರೆದ ಆ ಸೊನ್ನೆಯನ್ನು ಗಮನಿಸಿ. ಅದು ನಿಧಾನವಾಗಿ ಉಬ್ಬಿ, ತಟ್ಟನೆ ಮಾಯವಾಗಿ, ಮತ್ತೆ ಉಬ್ಬಲು ಶುರು ಮಾಡುತ್ತದೆ. ಅಮೀಬಾದ ಒಳಗೆ ಹೊರಗಿಗಿಂತ ಲವಣ ಜಾಸ್ತಿ. ಹಾಗಾಗಿ ನೀರು ಸದಾ ಒಳಗೆ ಜಿನುಗುತ್ತದೆ. ಸೋರುವ ಹರಿಗೋಲಿನಿಂದ ನೀರು ಮೊಗೆದು ಚೆಲ್ಲುವಂಥ ಕೆಲಸ ಆ ಸೊನ್ನೆಯದು. ನಿಲ್ಲಿಸಿದರೆ ಅಮೀಬಾ ಒಡೆದೇ ಹೋಗುತ್ತದೆ. ಸಮುದ್ರದ ಅಮೀಬಾಗಳು ಬಹುಪಾಲು ಈ ಕಷ್ಟವಿಲ್ಲದೆ ಬದುಕುತ್ತವೆ.

ಅದೃಷ್ಟವಿದ್ದರೆ ಒಂದು ಎರಡಾಗುವುದನ್ನೂ ನೋಡಬಹುದು. ಮೊದಲು ಉಂಡೆಯಾಗುತ್ತದೆ, ಒಳಗಿನ ಗುಂಡು, ಅಂದರೆ ಕೋಶಕೇಂದ್ರ, ಎರಡಾಗುತ್ತದೆ, ನಡು ಸಣ್ಣಗಾಗಿ ಕಿತ್ತುಕೊಳ್ಳುತ್ತದೆ. ಅರ್ಧ ಗಂಟೆಯ ಆಸುಪಾಸಿನ ಕೆಲಸ. ನಮಗೆ ಇನ್ನೂ ಸಿಕ್ಕಿಲ್ಲ.

1755ರಲ್ಲಿ ಅಮೀಬಾವನ್ನು ಮೊದಲು ವಿವರಿಸಿದ ಜರ್ಮನಿಯ ರೋಸೆಲ್ ಫಾನ್ ರೋಸೆನ್‌ಹಾಫ್ ಒಬ್ಬ ಚಿತ್ರಗಾರ. ವೇಷ ಬದಲಿಸುತ್ತಲೇ ಇರುವ ಗ್ರೀಕ್ ದೇವತೆಯ ನೆನಪಲ್ಲಿ 'ಪುಟ್ಟ ಪ್ರೋಟಿಯಸ್' ಎಂದು ಕರೆದ. ಅಮೀಬಾ ಅನ್ನುವ ಹೆಸರೂ 'ಬದಲಾವಣೆ' ಎಂಬ ಗ್ರೀಕ್ ಪದದಿಂದಲೇ ಬಂದದ್ದು.

ಹೆದರಬೇಕಾ?

ಬಹುಪಾಲು ಅಮೀಬಾಗಳಿಗೆ ನಮ್ಮ ಗೊಡವೆ ಬೇಡ. ಕೆಲವು ಮಾತ್ರ ಬೇರೆ. ಆಮಶಂಕೆ ತರುವ ಎಂಟಮೀಬಾ ಹಿಸ್ಟೋಲಿಟಿಕಾ ಕೊಳಕು ನೀರು, ಆಹಾರದಿಂದ ಕರುಳು ಸೇರುತ್ತದೆ. ಗಟ್ಟಿ ಚಿಪ್ಪು ಕಟ್ಟಿಕೊಂಡ ಅದಕ್ಕೆ ಸಾಮಾನ್ಯ ಕ್ಲೋರಿನ್ ಲೆಕ್ಕಕ್ಕಿಲ್ಲ, ಕುದಿಸಿದರೆ ಸಾಯುತ್ತದೆ. ಕೇರಳದಲ್ಲಿ ಸುದ್ದಿಯಾದ 'ಮೆದುಳು ತಿನ್ನುವ ಅಮೀಬಾ' ನೇಗ್ಲೇರಿಯಾ ಫೌಲೆರಿ ಬೆಚ್ಚಗಿನ ಸಿಹಿನೀರಿನದು. ಅದು ಮೂಗಿನ ಮೂಲಕ ಮೆದುಳಿಗೆ ಹೋಗುತ್ತದೆ, ಕುಡಿದರೆ ಬರುವುದಿಲ್ಲ. ಬಾಟಲಿ ನೀರು ಮೂಗಿಗೆ ಸಿಡಿಯದಂತೆ ನೋಡಿಕೊಳ್ಳಿ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಅದನ್ನು ನಲ್ಲಿ ನೀರಿನಲ್ಲಿ ತೊಳೆಯಬಾರದು. ಅಕಾಂತಮೀಬಾ ಎಂಬ ಇನ್ನೊಂದು ಕಣ್ಣಿಗೆ ಬೀಳುತ್ತದೆ.

ಬಾಟಲಿಯನ್ನು ಉಳಿಸಿಕೊಳ್ಳುವುದಾದರೆ ಹತ್ತು ದಿನಕ್ಕೊಂದು ಅಗುಳು ಸಾಕು. ನಾತ ಬಂದರೆ ಅರ್ಧ ನೀರು ತೆಂಗಿನ ಬುಡಕ್ಕೆ ಚೆಲ್ಲಿ, ಕ್ಲೋರಿನ್ ಹೋದ ನೀರು ತುಂಬಿ. ಅಡುಗೆಮನೆಯಲ್ಲಿ ಮಾತ್ರ ಇಡಬೇಡಿ. ನಮ್ಮದು ದೀಪಾವಳಿಯಿಂದ ಕೊಟ್ಟಿಗೆಯ ಕಿಟಕಿಯಲ್ಲಿದೆ. ತಂಗಿ ತನ್ನ ಹಾರ್ಲಿಕ್ಸ್ ಬಾಟಲಿ ಯಾವಾಗ ವಾಪಸ್ ಬರುತ್ತದೆ ಅಂತ ಕೇಳುತ್ತಲೇ ಇದ್ದಾಳೆ.