ಗಿಡ ನೆಟ್ಟು ಕಪ್ಪೆ ಸಾಕುವ ಗಾಜಿನ ತೊಟ್ಟಿಗೆ ಎಂಥ ಮಣ್ಣು ಹಾಕಬೇಕು?

ಕಪ್ಪೆ ಬಾಯಿಂದ ನೀರು ಕುಡಿಯುವುದಿಲ್ಲ. ಹಿಂಗಾಲುಗಳ ನಡುವೆ, ಹೊಟ್ಟೆಯಡಿ ಇರುವ ತೆಳು ಚರ್ಮವನ್ನು ಒದ್ದೆ ನೆಲಕ್ಕೆ ಒತ್ತಿ ಕೂರುತ್ತದೆ. ನೀರು ಅಲ್ಲಿಂದಲೇ ಒಳಗೆ ಹೋಗುತ್ತದೆ. ಮಣ್ಣಿನಲ್ಲಿರುವ ಗೊಬ್ಬರ, ಉಪ್ಪು, ಕೀಟನಾಶಕಕ್ಕೂ ಅದೇ ದಾರಿ. ಹಾಗಾಗಿ ಮಣ್ಣು ಆರಿಸುವಾಗ ಗಿಡಕ್ಕಿಂತ ಮೊದಲು ಕಪ್ಪೆಯನ್ನು ನೆನೆಯಿರಿ. ಗಿಡ ಸೊರಗಿದರೆ ಬೇರೆಯದನ್ನು ನೆಡಬಹುದು, ಅಲ್ವಾ?

ಮೊದಲು ಬೇಡದ್ದನ್ನು ಬದಿಗಿಡಿ. ಕುಂಡಗಳಿಗೆಂದು ಚೀಲದಲ್ಲಿ ಬರುವ ರೆಡಿಮೇಡ್ ಮಣ್ಣಿನಲ್ಲಿ ಗೊಬ್ಬರದ ಕಾಳು, ಪರ್ಲೈಟ್ ಎಂಬ ಹಗುರ ಬಿಳಿ ಕಲ್ಲಿನ ಚೂರು ಬೆರೆತಿರುವುದೇ ಜಾಸ್ತಿ. ಪೈನ್, ದೇವದಾರು ಮರದ ಹೊಟ್ಟೂ ಬೇಡ, ಅದರ ಘಾಟು ಎಣ್ಣೆ ಕಪ್ಪೆಗೆ ಆಗದು. ಸಣ್ಣ ಜಲ್ಲಿಕಲ್ಲು ಇನ್ನೂ ಅಪಾಯ. ಹುಳದ ಮೇಲೆ ಎರಗುವ ಕಪ್ಪೆ ನಾಲಿಗೆಗೆ ಅಂಟಿದ್ದನ್ನೆಲ್ಲ ನುಂಗುತ್ತದೆ. ಕಲ್ಲು ಕರುಳಿನಲ್ಲಿ ಸಿಕ್ಕಿಕೊಂಡರೆ ಜೀವಕ್ಕೇ ಕುತ್ತು. ಕಲ್ಲು ಇಡಲೇಬೇಕೆಂದರೆ ಅದು ಕಪ್ಪೆಯ ತಲೆಗಿಂತ ದೊಡ್ಡದಿರಲಿ.

ಈಗ ಮಿಶ್ರಣ. ಗೊಬ್ಬರ ಸೇರಿಸದ ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ, ಮುಖ್ಯ. ಅದರಲ್ಲಿ ಉಪ್ಪಿನಂಶ ಉಳಿದಿರಬಹುದು. ನೀರಿನಲ್ಲಿ ನೆನೆಸಿ, ಹಿಂಡಿ, ಮತ್ತೆ ಬೇರೆ ನೀರು ಹಾಕಿ ತೊಳೆಯಿರಿ. ಹಿಂಡಿದ ನೀರಿನ ಕಡುಕಂದು ಬಣ್ಣ ತಿಳಿಯಾಗುವವರೆಗೂ ಬಿಡಬೇಡಿ. ನಲ್ಲಿ ನೀರಾದರೆ ಕ್ಲೋರಿನ್ ತೆಗೆದು ಬಳಸಿ. ಬರೀ ಕೋಕೋಪೀಟ್ ಹಾಕಿದರೆ ಕೆಲವು ತಿಂಗಳಲ್ಲಿ ಗಟ್ಟಿಯಾಗಿ ಕೂತು ಬೇರಿಗೆ ಗಾಳಿ ಸಿಗುವುದಿಲ್ಲ. ಅದಕ್ಕೇ ಆರ್ಕಿಡ್‌ಗೆ ಹಾಕುವ ತೊಗಟೆ ಚೂರು, ನೀರು ಹಿಡಿದಿಡುವ ಸ್ಪ್ಯಾಗ್ನಮ್ ಪಾಚಿ, ಒಂದಿಷ್ಟು ಕಟ್ಟಿಗೆ ಇದ್ದಿಲು ಸೇರಿಸಿ. ಬಾರ್ಬೆಕ್ಯೂಗೆ ಮಾರುವ ಇದ್ದಿಲುಂಡೆ ಬೇಡ, ಅದರಲ್ಲಿ ಬೇರೇನೇನೋ ಬೆರೆತಿರುತ್ತದೆ.

ತೊಟ್ಟಿಯ ತಳಕ್ಕೆ ಸುಟ್ಟ ಜೇಡಿಮಣ್ಣಿನ ಉಂಡೆಗಳನ್ನು 3ರಿಂದ 5 ಸೆಂ.ಮೀ. ಹರಡಿ. ಹೆಚ್ಚಾದ ನೀರು ಅಲ್ಲಿಗೆ ಇಳಿಯಲಿ. ಮೇಲೆ ನೈಲಾನ್ ಜಾಲರಿ, ಅದರ ಮೇಲೆ ಮಿಶ್ರಣ. ಮರಗಪ್ಪೆಗೆ 6ರಿಂದ 8 ಸೆಂ.ಮೀ. ಸಾಕು. ಹೂತುಕೊಂಡು ಕೂರುವ ಕೊಂಬುಗಪ್ಪೆಯಂಥವಕ್ಕೆ ಇಡೀ ಮೈ ಮುಚ್ಚುವಷ್ಟು ಆಳ ಬೇಕು. ಅವು ಬಾಯಿ ತುಂಬ ಕಚ್ಚುವುದರಿಂದ ತೊಗಟೆ ಬಿಟ್ಟು ಬರೀ ಕೋಕೋಪೀಟ್ ಹಾಕಿ, ಚಿಮಟದಿಂದ ತಿನ್ನಿಸಿ.

ಮಿಶ್ರಣವನ್ನು ಮುಷ್ಟಿಯಲ್ಲಿ ಹಿಂಡಿ ನೋಡಿ. ಒಂದೆರಡು ಹನಿ ಬಿದ್ದರೆ ಹದ ಸರಿ. ಧಾರೆ ಇಳಿದರೆ ನೀರು ಜಾಸ್ತಿಯಾಗಿದೆ.

ನರ್ಸರಿ ಗಿಡವನ್ನು ಕುಂಡದ ಮಣ್ಣಿನ ಸಮೇತ ಇಳಿಸಬೇಡಿ. ಬೇರನ್ನು ಪೂರ್ತಿ ತೊಳೆಯಿರಿ, ಗೊಬ್ಬರದ ಗುಳಿಗೆ ಅಂಟಿರಬಹುದು. ಔಷಧಿ ಹೊಡೆದ ಗಿಡವೆಂಬ ಅನುಮಾನವಿದ್ದರೆ ಸುಮ್ನೆ ಬಿಟ್ಟುಬಿಡಿ. ಕೊನೆಗೆ ಔಷಧಿ ಕಾಣದ ಮರದ ತರಗೆಲೆಗಳನ್ನು ಕುದಿಸಿ ಮೇಲೆ ಹಾಸಿ. ಹುಳ ಎಲೆಯ ಮೇಲೆ ಓಡಾಡಿದರೆ ಕಪ್ಪೆಯ ಬಾಯಿಗೆ ಮಣ್ಣು ಹೋಗುವುದು ಕಡಿಮೆ. ಸ್ಪ್ರಿಂಗ್‌ಟೇಲ್ ಎಂಬ ಪುಟ್ಟ ಜೀವಿಗಳನ್ನು ಒಳಗೆ ಬಿಟ್ಟರೆ ಅವು ಬೂಷ್ಟನ್ನು ತಿಂದು ತೊಟ್ಟಿಯನ್ನು ಚೊಕ್ಕವಾಗಿಡುತ್ತವೆ.

ಕಪ್ಪೆಯನ್ನು ಅಂದೇ ಬಿಡಬೇಡಿ. ಕೆಲವು ವಾರ ಕಾಯಿರಿ. ಒಳ್ಳೆ ಮಣ್ಣಿಗೆ ಮಳೆ ಬಿದ್ದ ನೆಲದ ವಾಸನೆ ಇರುತ್ತದೆ. ಕೊಳೆತ ಮೊಟ್ಟೆಯ ವಾಸನೆ ಬಂದರೆ ತಳದಲ್ಲಿ ನೀರು ನಿಂತು ಕೊಳೆಯುತ್ತಿದೆ ಎಂದರ್ಥ. ಆಗ ಕಪ್ಪೆ ಒಳಗಿದ್ದರೆ ಒದ್ದೆ ಟಿಶ್ಯೂ ಹಾಸಿದ ಡಬ್ಬಕ್ಕೆ ವರ್ಗಾಯಿಸಿ, ಮಣ್ಣನ್ನೆಲ್ಲ ತೆಗೆದು ಹೊಸದು ಹಾಕಿ.