ಗೇಮ್ ಜರ್ಕ್ ಹೊಡೆಯುತ್ತಿದೆಯಾ? ಡ್ರೈವರ್‌ಗೆ ಕೈ ಹಾಕುವ ಮೊದಲು ಇದನ್ನು ನೋಡಿ

ಗೇಮ್ ಆಡುವಾಗ ಚಿತ್ರ ತಡೆತಡೆದು ಬಂದರೆ ಯಾರನ್ನು ಕೇಳಿದರೂ ಮೊದಲು ಬರುವ ಮಾತು ಒಂದೇ, "ಡ್ರೈವರ್ ಅಪ್‌ಡೇಟ್ ಮಾಡು". ತಪ್ಪು ಸಲಹೆ ಅಂತಲ್ಲ. ಆದರೆ ಜರ್ಕ್ ಆಗಲು ಹತ್ತಾರು ಕಾರಣ ಇರುತ್ತವೆ, ಡ್ರೈವರ್ (ವಿಂಡೋಸ್ ಗ್ರಾಫಿಕ್ಸ್ ಕಾರ್ಡನ್ನು ಓಡಿಸಲು ಬಳಸುವ ಸಾಫ್ಟ್‌ವೇರ್) ಅದರಲ್ಲಿ ಒಂದು ಅಷ್ಟೇ. ಡ್ರೈವರ್ ಬದಲಾಯಿಸಿ, ಅದೇ ಹೊತ್ತಿಗೆ ನಾಲ್ಕು ಸೆಟ್ಟಿಂಗ್ ತಿರುಗಿಸಿ, ಬಯೋಸ್ (ಮದರ್‌ಬೋರ್ಡ್‌ನಲ್ಲೇ ಇದ್ದು ವಿಂಡೋಸ್‌ಗೂ ಮೊದಲು ಓಡುವ ಸಾಫ್ಟ್‌ವೇರ್) ಕೂಡ ಅಪ್‌ಡೇಟ್ ಮಾಡಿಬಿಟ್ಟರೆ, ಸರಿ ಹೋದರೂ ಯಾವುದರಿಂದ ಸರಿ ಹೋಯಿತು ಅಂತ ಗೊತ್ತಾಗುವುದಿಲ್ಲ, ಕೆಟ್ಟರೂ ಯಾವುದರಿಂದ ಕೆಟ್ಟಿತು ಅಂತ ಗೊತ್ತಾಗುವುದಿಲ್ಲ. ಹಾಗಾಗಿ ಒಂದು ಸಲಕ್ಕೆ ಒಂದೇ ಬದಲಾವಣೆ. ಆಮೇಲೆ ಅದೇ ಗೇಮ್, ಅದೇ ಜಾಗ, ಐದು ನಿಮಿಷ ಆಡಿ ನೋಡಿ. ಇಲ್ಲಿ ಹೇಳಿರುವುದೆಲ್ಲ ವಿಂಡೋಸ್ 10 ಮತ್ತು 11ಕ್ಕೆ.

ಎಫ್‌ಪಿಎಸ್ ಅಲ್ಲ, ಫ್ರೇಮ್‌ಟೈಮ್ ನೋಡಿ

ಮೂಲೆಯಲ್ಲಿ 60 ಎಫ್‌ಪಿಎಸ್ ಅಂತ ತೋರಿಸುತ್ತಿದ್ದರೂ ಕಣ್ಣಿಗೆ ಜರ್ಕ್ ಕಾಣುತ್ತದೆ, ಅಲ್ವಾ? ಕಾರಣ ಇದು. ಎಫ್‌ಪಿಎಸ್ ಅಂದರೆ ಒಂದು ಸೆಕೆಂಡಿಗೆ ಎಷ್ಟು ಫ್ರೇಮ್ (ಚಿತ್ರ) ಬರುತ್ತದೆ ಅನ್ನುವ ಲೆಕ್ಕ, ಫ್ರೇಮ್‌ಟೈಮ್ ಅಂದರೆ ಒಂದು ಫ್ರೇಮ್‌ಗೆ ಹಿಡಿಯುವ ಹೊತ್ತು. 60 ಎಫ್‌ಪಿಎಸ್ ಅಂದರೆ ಒಂದೊಂದು ಫ್ರೇಮ್‌ಗೂ ಸುಮಾರು 16.7 ಮಿಲಿಸೆಕೆಂಡ್. 144 ಹರ್ಟ್ಸ್ (ಸೆಕೆಂಡಿಗೆ 144 ಸಲ ಚಿತ್ರ ಬದಲಿಸುವ) ಮಾನಿಟರ್‌ಗೆ ಹೊಂದುವಂತೆ ಆಡಬೇಕಾದರೆ ಸುಮಾರು 6.9 ಮಿಲಿಸೆಕೆಂಡ್. ಎಲ್ಲ ಫ್ರೇಮ್‌ಗಳೂ ಹೊತ್ತಿಗೆ ಸರಿಯಾಗಿ ಬಂದು ಒಂದೇ ಒಂದು 100 ಮಿಲಿಸೆಕೆಂಡ್ ತೆಗೆದುಕೊಂಡರೆ ಸರಾಸರಿ ಅಷ್ಟೇನೂ ಇಳಿಯುವುದಿಲ್ಲ, ಆದರೆ ಕಣ್ಣು ಅದನ್ನು ತಕ್ಷಣ ಹಿಡಿಯುತ್ತದೆ.

ಇದನ್ನು ನೋಡಲು ಎಂಎಸ್ಐ ಆಫ್ಟರ್‌ಬರ್ನರ್ ಮತ್ತು ಅದರ ಜೊತೆ ಬರುವ ರಿವಾಟ್ಯೂನರ್ ಹಾಕಿಕೊಳ್ಳಿ. ಎರಡೂ ಉಚಿತ, ಬೇರೆ ಕಂಪನಿಯ ಕಾರ್ಡ್ ಇದ್ದರೂ ಕೆಲಸ ಮಾಡುತ್ತವೆ. ಸೆಟ್ಟಿಂಗ್ಸ್‌ನ ಮಾನಿಟರಿಂಗ್ ಟ್ಯಾಬ್‌ನಲ್ಲಿ ಜಿಪಿಯು (ಗ್ರಾಫಿಕ್ಸ್ ಕಾರ್ಡ್‌ನ ಚಿಪ್) ಬಳಕೆ, ಜಿಪಿಯು ಮೆಮೊರಿ, ಸಿಪಿಯುವಿನ ಒಂದೊಂದು ಕೋರ್, ರ‍್ಯಾಮ್, ಟೆಂಪರೇಚರ್, ಫ್ರೇಮ್‌ಟೈಮ್ ಇಷ್ಟನ್ನೂ ಸ್ಕ್ರೀನ್ ಮೇಲೆ ತೋರಿಸುವಂತೆ ಟಿಕ್ ಮಾಡಿ. ಫ್ರೇಮ್‌ಟೈಮ್ ಒಂದನ್ನು ಮಾತ್ರ ಅಂಕಿಯ ಬದಲು ಗ್ರಾಫ್ ಆಗಿ ಇಟ್ಟುಕೊಳ್ಳಿ. ಗೇಮ್ ಚೆನ್ನಾಗಿ ಓಡುವಾಗ ಅದು ನೇರ ಗೆರೆ. ಜರ್ಕ್ ಆದಾಗ ಗೆರೆಯಿಂದ ಮುಳ್ಳಿನ ಹಾಗೆ ಒಂದು ಮೊನೆ ಮೇಲೆ ಏಳುತ್ತದೆ. ಆ ಮೊನೆ ಯಾವಾಗ ಏಳುತ್ತದೆ, ಅದೇ ಹೊತ್ತಿಗೆ ಉಳಿದ ಅಂಕಿಗಳು ಏನಾಗುತ್ತವೆ ಅನ್ನುವುದರಲ್ಲೇ ಅರ್ಧ ಉತ್ತರ ಸಿಗುತ್ತದೆ.

ಹೊಸ ಜಾಗಕ್ಕೆ ಹೋದಾಗ, ಹೊಸ ಎಫೆಕ್ಟ್ ಕಂಡಾಗ ಮೊನೆ ಎದ್ದು, ಅದೇ ಜಾಗಕ್ಕೆ ಎರಡನೇ ಸಲ ಹೋದಾಗ ಬರಲಿಲ್ಲ ಅಂದರೆ ಅದು ಶೇಡರ್ (ಬೆಳಕು, ಬಣ್ಣ ಹೇಗೆ ಕಾಣಬೇಕು ಅಂತ ಜಿಪಿಯುಗೆ ಹೇಳುವ ಸಣ್ಣ ಪ್ರೋಗ್ರಾಂ) ಕಂಪೈಲ್ ಆಗುತ್ತಿರುವುದು, ಅಂದರೆ ನಿಮ್ಮ ಕಾರ್ಡ್‌ಗೆ ತಕ್ಕಂತೆ ತಯಾರಾಗುತ್ತಿರುವುದು. ಡೈರೆಕ್ಟ್‌ಎಕ್ಸ್ 12ರಲ್ಲಿ ಓಡುವ ಹಲವು ಹೊಸ ಗೇಮ್‌ಗಳಲ್ಲಿ ಇದು ಇದ್ದೇ ಇರುತ್ತದೆ. ಡ್ರೈವರ್ ಬದಲಾದಾಗ ಹಳೆಯ ಶೇಡರ್ ಕ್ಯಾಶ್ (ಹಾಗೆ ತಯಾರಿಸಿ ಕೂಡಿಟ್ಟದ್ದು) ಕೆಲಸಕ್ಕೆ ಬರುವುದಿಲ್ಲ, ಮತ್ತೆ ಹೊಸದಾಗಿ ಕಟ್ಟಬೇಕಾಗುತ್ತದೆ. ಆದ್ದರಿಂದ ಡ್ರೈವರ್ ಹಾಕಿದ ಮೊದಲ ಅರ್ಧ ಗಂಟೆ ನೋಡಿ "ಈ ಡ್ರೈವರ್ ಸರಿಯಿಲ್ಲ" ಅಂತ ತೀರ್ಮಾನ ಮಾಡಬೇಡಿ. ಗೇಮ್ ಶುರುವಾಗುವಾಗ ಶೇಡರ್ ತಯಾರಿಸುತ್ತಿದ್ದರೆ ಸ್ಕಿಪ್ ಮಾಡದೆ ಪೂರ್ತಿ ಆಗಲು ಬಿಡಿ.

ಮೊನೆ ಎದ್ದಾಗ ಜಿಪಿಯು ಬಳಕೆ ಕೆಳಗೆ ಬಿದ್ದು, ಸಿಪಿಯುವಿನ ಒಂದು ಕೋರ್ 100ಕ್ಕೆ ಮುಟ್ಟಿದ್ದರೆ ತಡ ಆಗುತ್ತಿರುವುದು ಸಿಪಿಯುವಿನಿಂದ. ಒಟ್ಟು ಸಿಪಿಯು ಬಳಕೆ ಶೇ 30 ಅಂತ ತೋರಿಸಬಹುದು, ಅದನ್ನು ನಂಬಬೇಡಿ, ಕೋರ್‌ಗಳನ್ನು ಬೇರೆ ಬೇರೆಯಾಗಿ ನೋಡಿ. ಜಿಪಿಯು ಯಾವಾಗಲೂ ಶೇ 97–99ರಲ್ಲಿದ್ದು ಗೆರೆ ನೇರವಾಗಿದ್ದರೂ ಮೇಲೇ ಇದ್ದರೆ ಕಾರ್ಡ್‌ಗೆ ಕೆಲಸ ಜಾಸ್ತಿ ಆಗಿದೆ ಅಷ್ಟೇ, ಗ್ರಾಫಿಕ್ಸ್ ಸೆಟ್ಟಿಂಗ್ ಇಳಿಸಿ. ಕಾರ್ಡ್‌ನ ಮೆಮೊರಿ ತುಂಬಿ ತುದಿಗೆ ಬಂದಿದ್ದರೆ ಟೆಕ್ಸ್ಚರ್ ಒಂದು ಹಂತ ಇಳಿಸಿ. 8 ಜಿಬಿ ಕಾರ್ಡ್‌ಗಳಲ್ಲಿ ಹೊಸ ಗೇಮ್‌ಗಳಿಗೆ ಇದು ಮಾಮೂಲಿ ಆಗಿಬಿಟ್ಟಿದೆ. ಜಾಗ ಸಾಲದೆ ಮಾಮೂಲಿ ರ‍್ಯಾಮ್‌ಗೆ ಹೋಗಿ ಬರುವ ಡೇಟಾ ತುಂಬಾ ನಿಧಾನ. ಇನ್ನು, ಗೆರೆ ನೇರವಾಗೇ ಇದ್ದು ಎದುರಾಳಿಗಳು ಮಾತ್ರ ಜಿಗಿದು ಜಿಗಿದು ಓಡುತ್ತಿದ್ದರೆ ಅದು ಇಂಟರ್ನೆಟ್ ತೊಂದರೆ. ಅದಕ್ಕೆ ಡ್ರೈವರ್ ಮುಟ್ಟಿ ಪ್ರಯೋಜನವಿಲ್ಲ.

ಐದು ನಿಮಿಷದಲ್ಲಿ ಮುಗಿಯುವ ತಪಾಸಣೆ

ಮಾನಿಟರ್ ಕೇಬಲ್ ಗ್ರಾಫಿಕ್ಸ್ ಕಾರ್ಡ್‌ಗೇ ಸಿಕ್ಕಿಸಿದೆಯಾ, ಇಲ್ಲ ಮದರ್‌ಬೋರ್ಡ್‌ಗಾ? ಹಿಂದೆ ಹೋಗಿ ಕಣ್ಣಾರೆ ನೋಡಿ. ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಅಡ್ವಾನ್ಸ್ಡ್ ಡಿಸ್‌ಪ್ಲೇ ಒಳಗೆ ರಿಫ್ರೆಶ್ ರೇಟ್ ನೋಡಿ. 144 ಹರ್ಟ್ಸ್ ಮಾನಿಟರ್ ಎಷ್ಟೋ ಕಡೆ 60ರಲ್ಲೇ ಓಡುತ್ತಿರುತ್ತದೆ. ಲ್ಯಾಪ್‌ಟಾಪ್ ಆದರೆ ಚಾರ್ಜರ್ ಹಾಕಿಯೇ ಆಡಿ, ಡಿಸ್‌ಪ್ಲೇ ಕೆಳಗಿನ ಗ್ರಾಫಿಕ್ಸ್ ಪುಟದಲ್ಲಿ ಆ ಗೇಮ್‌ಗೆ ಹೈ ಪರ್ಫಾರ್ಮೆನ್ಸ್ ಆರಿಸಿ.

ಆಮೇಲೆ ರ‍್ಯಾಮ್. ಕಂಟ್ರೋಲ್+ಶಿಫ್ಟ್+ಎಸ್ಕೇಪ್ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು ಮೆಮೊರಿ ಪುಟದಲ್ಲಿ ಸ್ಪೀಡ್ ನೋಡಿ. ಕೊಂಡ ರ‍್ಯಾಮ್ ಮೇಲೆ ಬರೆದಿದ್ದಕ್ಕಿಂತ ಕಡಿಮೆ ಇದ್ದರೆ ಬಯೋಸ್‌ನಲ್ಲಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ (ರ‍್ಯಾಮನ್ನು ಅದರ ಪೂರ್ತಿ ಸ್ಪೀಡ್‌ನಲ್ಲಿ ಓಡಿಸುವ ಸೆಟ್ಟಿಂಗ್) ಆನ್ ಆಗಿಲ್ಲ ಅಂತ ಅರ್ಥ. ಒಂದೇ ಸ್ಟಿಕ್ ಇದ್ದರೆ, ಅಥವಾ ಎರಡು ಸ್ಟಿಕ್‌ಗಳೂ ಒಂದೇ ಚಾನೆಲ್‌ನಲ್ಲಿದ್ದರೆ (ಸಿಪಿಯುವಿಗೆ ಹೋಗುವ ಒಂದೇ ದಾರಿಯಲ್ಲಿ) ಜರ್ಕ್ ಜಾಸ್ತಿ. ನಾಲ್ಕು ಸ್ಲಾಟ್ ಇರುವ ಬೋರ್ಡ್‌ಗಳಲ್ಲಿ ಸಾಮಾನ್ಯವಾಗಿ ಸಿಪಿಯುವಿನಿಂದ ಎಣಿಸಿ ಎರಡನೇ ಮತ್ತು ನಾಲ್ಕನೇ ಸ್ಲಾಟ್‌ಗೆ ಹಾಕಬೇಕು. ಗೇಮ್ ಹಳೆಯ ಹಾರ್ಡ್ ಡಿಸ್ಕ್‌ನಲ್ಲಿದ್ದರೆ ಎಸ್‌ಎಸ್‌ಡಿಗೆ ಸಾಗಿಸಿ.

ತಪ್ಪು ನಿಜವಾಗಿಯೂ ಡ್ರೈವರ್‌ನದ್ದಾ?

ಡ್ರೈವರ್ ತೊಂದರೆಗೆ ಅದರದ್ದೇ ಗುರುತುಗಳಿವೆ. ಸ್ಕ್ರೀನ್ ಎರಡು ಸೆಕೆಂಡ್ ಕಪ್ಪಾಗಿ ವಾಪಸ್ ಬರುವುದು ಅದರಲ್ಲಿ ಮುಖ್ಯ. ಜಿಪಿಯು 2 ಸೆಕೆಂಡ್‌ನೊಳಗೆ ಉತ್ತರ ಕೊಡದಿದ್ದರೆ ವಿಂಡೋಸ್ ಡ್ರೈವರನ್ನು ರೀಸೆಟ್ ಮಾಡುತ್ತದೆ, ಈವೆಂಟ್ ವ್ಯೂವರ್‌ನ ಸಿಸ್ಟಮ್ ಲಾಗ್‌ನಲ್ಲಿ 4101 ನಂಬರಿನ ಸಾಲು ಬೀಳುತ್ತದೆ. ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ಗುರುತು, ಕೋಡ್ 43, ಅಥವಾ ಕಾರ್ಡ್ ಹೆಸರಿನ ಬದಲು ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್ ಅಂತ ಇದ್ದರೂ ಕಾರ್ಡ್‌ನ ಡ್ರೈವರ್ ಸರಿಯಾಗಿ ಓಡುತ್ತಿಲ್ಲ.

ನನಗೆ ತುಂಬಾ ಇಷ್ಟವಾದ, ಯಾರೂ ಅಷ್ಟಾಗಿ ಬಳಸದ ಒಂದು ಜಾಗ ಇದೆ. ಸ್ಟಾರ್ಟ್ ಮೆನುವಿನಲ್ಲಿ ರಿಲಯಬಿಲಿಟಿ ಅಂತ ಟೈಪ್ ಮಾಡಿ ರಿಲಯಬಿಲಿಟಿ ಹಿಸ್ಟರಿ ತೆರೆಯಿರಿ. ದಿನಕ್ಕೊಂದು ಕಂಬ ಇರುತ್ತದೆ, ಯಾವ ದಿನ ಏನು ಇನ್‌ಸ್ಟಾಲ್ ಆಯಿತು, ಯಾವ ದಿನ ಏನು ಕ್ರ್ಯಾಶ್ ಆಯಿತು ಎಲ್ಲ ಅಲ್ಲೇ. ಕೆಂಪು ಗುರುತುಗಳು ಶುರುವಾದ ದಿನದ ಹಿಂದಿನ ಒಂದೆರಡು ಕಂಬ ಒತ್ತಿ ನೋಡಿದರೆ, ನೀವು ಏನೂ ಮಾಡದಿದ್ದರೂ ವಿಂಡೋಸ್ ಅಪ್‌ಡೇಟ್ ತಾನೇ ಒಂದು ಡಿಸ್‌ಪ್ಲೇ ಡ್ರೈವರ್ ಹಾಕಿಬಿಟ್ಟಿರುವುದು ಎಷ್ಟೋ ಸಲ ಅಲ್ಲೇ ಸಿಕ್ಕಿಬೀಳುತ್ತದೆ.

ಹಾಗೆ ಸಿಕ್ಕಿದರೆ ಡಿವೈಸ್ ಮ್ಯಾನೇಜರ್, ಡಿಸ್‌ಪ್ಲೇ ಅಡಾಪ್ಟರ್ಸ್, ಕಾರ್ಡ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಡ್ರೈವರ್ ಟ್ಯಾಬ್‌ಗೆ ಹೋಗಿ ರೋಲ್ ಬ್ಯಾಕ್ ಒತ್ತಿ. ಬಟನ್ ಮಸುಕಾಗಿದ್ದರೆ ಹಿಂದಿನದು ಉಳಿದಿಲ್ಲ ಅಂತ, ಆಗ ಕೈಯಾರೆ ಹಳೆಯದನ್ನು ಹಾಕಬೇಕು. ಸ್ಕ್ರೀನ್ ಅಲ್ಲೇ ನಿಂತುಬಿಟ್ಟಾಗ ಪವರ್ ಬಟನ್ ಒತ್ತುವ ಮೊದಲು ವಿಂಡೋಸ್+ಕಂಟ್ರೋಲ್+ಶಿಫ್ಟ್+ಬಿ ಒತ್ತಿ ನೋಡಿ. ಬೀಪ್ ಶಬ್ದ ಬಂದು ಸ್ಕ್ರೀನ್ ಒಮ್ಮೆ ಮಿನುಗುತ್ತದೆ, ಗ್ರಾಫಿಕ್ಸ್ ಡ್ರೈವರ್ ಮತ್ತೆ ಶುರುವಾಗುತ್ತದೆ.

ಇನ್ನೊಂದು ಮಾತು. 4101 ಕಂಡ ತಕ್ಷಣ ಡ್ರೈವರ್ ಮೇಲೆ ತಪ್ಪು ಹೊರಿಸಬೇಡಿ. ಓವರ್‌ಕ್ಲಾಕ್ (ಸ್ಪೀಡ್ ಏರಿಸುವುದು) ಅಥವಾ ಅಂಡರ್‌ವೋಲ್ಟ್ (ವೋಲ್ಟೇಜ್ ಇಳಿಸುವುದು) ಮಾಡಿದ್ದರೆ ಮೊದಲು ಅದನ್ನು ತೆಗೆದು ಕಂಪನಿಯ ಸೆಟ್ಟಿಂಗ್‌ಗೆ ಬನ್ನಿ. ಕಾರ್ಡ್‌ನ ಪವರ್ ಕೇಬಲ್ ಪೂರ್ತಿ ಕೂತಿದೆಯಾ ನೋಡಿ. ಇವೆರಡೂ ಥೇಟ್ ಡ್ರೈವರ್ ಕ್ರ್ಯಾಶ್‌ನಂತೆಯೇ ಕಾಣುತ್ತವೆ.

ಪೂರ್ತಿ ತೊಳೆದು ಹೊಸದಾಗಿ ಹಾಕುವುದು

ಎನ್‌ವಿಡಿಯಾ ಇನ್‌ಸ್ಟಾಲರ್‌ನಲ್ಲಿ ಕಸ್ಟಮ್ ಆರಿಸಿದರೆ ಕ್ಲೀನ್ ಇನ್‌ಸ್ಟಾಲೇಶನ್ ಅಂತ ಒಂದು ಟಿಕ್ ಇದೆ, ಎಎಂಡಿ ಇನ್‌ಸ್ಟಾಲರ್‌ನಲ್ಲಿ ಫ್ಯಾಕ್ಟರಿ ರೀಸೆಟ್ ಇದೆ. ಮೊದಲು ಅದನ್ನೇ ಮಾಡಿ, ತುಂಬಾ ಜನಕ್ಕೆ ಅಷ್ಟೇ ಸಾಕು. ಅದರಿಂದ ಆಗದಿದ್ದರೆ, ಅಥವಾ ಒಂದು ಕಂಪನಿಯ ಕಾರ್ಡ್ ತೆಗೆದು ಇನ್ನೊಂದರದ್ದು ಹಾಕಿದ್ದರೆ ಡಿಡಿಯು, ಅಂದರೆ ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್ ಬಳಸಿ. ಪ್ರತಿ ಅಪ್‌ಡೇಟ್‌ಗೂ ಡಿಡಿಯು ಓಡಿಸುವ ಅಗತ್ಯವಿಲ್ಲ.

ಇದರಲ್ಲಿ ಕ್ರಮ ಮುಖ್ಯ. ಮೊದಲು ಬೇಕಾದ ಡ್ರೈವರ್ ಇಳಿಸಿಟ್ಟುಕೊಳ್ಳಿ, ಕಾರ್ಡ್ ಚಿಪ್ ಮಾಡಿದ ಕಂಪನಿಯ ಸೈಟ್‌ನಿಂದಲೇ. ಲ್ಯಾಪ್‌ಟಾಪ್ ಆದರೆ ಅದರ ಕಂಪನಿ ಕೊಟ್ಟ ಡ್ರೈವರನ್ನೂ ಜೊತೆಗೆ ಇಟ್ಟುಕೊಳ್ಳಿ. ಬಿಟ್‌ಲಾಕರ್ (ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) ಆನ್ ಇದ್ದರೆ ರಿಕವರಿ ಕೀ ಬರೆದಿಟ್ಟುಕೊಂಡೇ ಮುಂದುವರಿಯಿರಿ, ಸೇಫ್ ಮೋಡ್‌ಗೆ ಹೋಗುವಾಗ ಕೇಳಬಹುದು. ಪಿನ್ ಒಂದನ್ನೇ ನೆಚ್ಚಿಕೊಳ್ಳದೆ ಅಕೌಂಟ್ ಪಾಸ್‌ವರ್ಡ್ ಕೂಡ ನೆನಪಿರಲಿ. ಆಮೇಲೆ ಇಂಟರ್ನೆಟ್ ತೆಗೆಯಿರಿ: ಕೇಬಲ್ ಕಿತ್ತುಬಿಡಿ, ವೈಫೈ ಆಫ್ ಮಾಡಿ. ಇದನ್ನು ಬಿಟ್ಟರೆ ನೀವು ಹಳೆಯ ಡ್ರೈವರ್ ತೆಗೆದು ರೀಸ್ಟಾರ್ಟ್ ಮಾಡುವಷ್ಟರಲ್ಲಿ ವಿಂಡೋಸ್ ತನ್ನದೊಂದನ್ನು ತಂದು ಹಾಕಿರುತ್ತದೆ.

ಶಿಫ್ಟ್ ಒತ್ತಿ ಹಿಡಿದು ರೀಸ್ಟಾರ್ಟ್ ಕ್ಲಿಕ್ ಮಾಡಿ. ನೀಲಿ ಪರದೆಯಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್, ರೀಸ್ಟಾರ್ಟ್, ಆಮೇಲೆ 4 ಒತ್ತಿದರೆ ಸೇಫ್ ಮೋಡ್. ಅಲ್ಲಿ ಡಿಡಿಯು ತೆರೆದು ಜಿಪಿಯು ಮತ್ತು ಕಂಪನಿ ಆರಿಸಿ ಕ್ಲೀನ್ ಆಂಡ್ ರೀಸ್ಟಾರ್ಟ್ ಒತ್ತಿ. ಮತ್ತೆ ಬಂದಾಗ ಅಕ್ಷರಗಳು ದೊಡ್ಡದಾಗಿ, ಮಸುಕಾಗಿ ಕಾಣಬಹುದು, ಗಾಬರಿ ಬೇಡ. ಇಳಿಸಿಟ್ಟ ಡ್ರೈವರ್ ಹಾಕಿ, ಇನ್ನೊಮ್ಮೆ ರೀಸ್ಟಾರ್ಟ್ ಮಾಡಿ, ಆಮೇಲೆ ಇಂಟರ್ನೆಟ್ ಕೊಡಿ.

ಯಾವಾಗಲೂ ಹೊಸದೇ ಬೇಕಾ? ನನ್ನ ಪ್ರಕಾರ ಚೆನ್ನಾಗಿ ಓಡುತ್ತಿರುವ ಡ್ರೈವರನ್ನು ಹೊಸ ಗೇಮ್ ಅಥವಾ ಸೆಕ್ಯುರಿಟಿ ಕಾರಣ ಇಲ್ಲದೆ ಬದಲಾಯಿಸಬೇಕಾಗಿಲ್ಲ. ಎನ್‌ವಿಡಿಯಾ ಜಿಟಿಎಕ್ಸ್ 900 ಮತ್ತು 10 ಸರಣಿಯ ಕಾರ್ಡ್ ಇರುವವರು ಒಂದು ವಿಷಯ ತಿಳಿದಿರಲಿ: ಈ ಕಾರ್ಡ್‌ಗಳಿಗೆ ಗೇಮ್ ರೆಡಿ ಡ್ರೈವರ್‌ಗಳು (ಹೊಸ ಗೇಮ್‌ಗಳಿಗಾಗಿ ಬರುವವು) 2025ರ ಅಕ್ಟೋಬರ್‌ಗೆ ಮುಗಿದಿವೆ, ಸೆಕ್ಯುರಿಟಿ ಅಪ್‌ಡೇಟ್ ಮಾತ್ರ 2028ರ ಅಕ್ಟೋಬರ್‌ವರೆಗೆ ಅಂತ ಕಂಪನಿ ಹೇಳಿದೆ.

ಡ್ರೈವರ್ ಸರಿಯಿದೆ, ಜರ್ಕ್ ಹೋಗಿಲ್ಲ

ಚಿತ್ರದ ಜೊತೆ ಸೌಂಡ್ ಕೂಡ ಕರಕರ ಅನ್ನುತ್ತಿದ್ದರೆ ಲೇಟೆನ್ಸಿಮಾನ್ ಅನ್ನುವ ಸಾಫ್ಟ್‌ವೇರ್ ಓಡಿಸಿ. ಯಾವ ಡ್ರೈವರ್ ಸಿಸ್ಟಮ್‌ನ್ನು ತಡೆದು ಹಿಡಿಯುತ್ತಿದೆ ಅಂತ ಅದು ತೋರಿಸುತ್ತದೆ, ಬಹಳ ಸಲ ಅದು ವೈಫೈ ಅಥವಾ ನೆಟ್‌ವರ್ಕ್ ಡ್ರೈವರ್ ಆಗಿರುತ್ತದೆ. ಎಎಂಡಿ ರೈಜನ್ ಸಿಸ್ಟಮ್‌ಗಳಲ್ಲಿ ಯಾವಾಗಲೋ ಒಮ್ಮೆ ಎಲ್ಲ ಒಟ್ಟಿಗೆ ಕ್ಷಣಕಾಲ ನಿಂತು ಮುಂದುವರಿಯುವ ತೊಂದರೆ ಇತ್ತು. ಅದು ಎಫ್‌ಟಿಪಿಎಂ (ಫರ್ಮ್‌ವೇರ್‌ನಲ್ಲೇ ಇರುವ ಸೆಕ್ಯುರಿಟಿ ಭಾಗ) ನಿಂದ ಅಂತ 2022ರಲ್ಲಿ ಎಎಂಡಿಯೇ ಒಪ್ಪಿಕೊಂಡು, ಎಜೆಸಾ (ಬಯೋಸ್ ಒಳಗಿನ ಎಎಂಡಿಯ ಕೋಡ್) 1.2.0.7 ಇರುವ ಬಯೋಸ್‌ನಲ್ಲಿ ಸರಿ ಮಾಡಿತು. ಹಳೆಯ ಬಯೋಸ್ ಇದ್ದರೆ ಅಪ್‌ಡೇಟ್ ಮಾಡಿ.

ಶುರುವಿನಲ್ಲಿ ಚೆನ್ನಾಗಿದ್ದು ಇಪ್ಪತ್ತು ನಿಮಿಷ ಆದಮೇಲೆ ಕೆಡುತ್ತಿದ್ದರೆ ಬಿಸಿ ನೋಡಿ. ಸಿಪಿಯು 95–100 ಡಿಗ್ರಿಗೆ ಹೋಗಿ ಸ್ಪೀಡ್ ಇಳಿಯುತ್ತಿದ್ದರೆ ಧೂಳು ತೆಗೆಯಿರಿ, ಕೂಲರ್ ಸರಿಯಾಗಿ ಕೂತಿದೆಯಾ ನೋಡಿ. ಕೆಲವು ಸೆಕೆಂಡ್‌ಗೊಮ್ಮೆ ಗಡಿಯಾರ ಇಟ್ಟಂತೆ ಮೊನೆ ಬರುತ್ತಿದ್ದರೆ ಹಿನ್ನೆಲೆಯಲ್ಲಿ ಏನೋ ಓಡುತ್ತಿದೆ: ಆರ್‌ಜಿಬಿ ಲೈಟ್ ಸಾಫ್ಟ್‌ವೇರ್, ಓವರ್‌ಲೇಗಳು, ರೆಕಾರ್ಡಿಂಗ್. ಒಂದೊಂದೇ ಮುಚ್ಚಿ ನೋಡಿ. ಗೆರೆ ನೇರವಾಗಿದ್ದೂ ಕಣ್ಣಿಗೆ ಜರ್ಕ್ ಅನಿಸಿದರೆ ಜಿ-ಸಿಂಕ್ ಅಥವಾ ಫ್ರೀಸಿಂಕ್ (ಫ್ರೇಮ್ ಬಂದ ಹೊತ್ತಿಗೇ ಮಾನಿಟರ್ ಚಿತ್ರ ಬದಲಿಸುವ ಸೌಲಭ್ಯ) ಆನ್ ಮಾಡಿ, ಫ್ರೇಮ್ ಮಿತಿಯನ್ನು ರಿಫ್ರೆಶ್ ರೇಟ್‌ಗಿಂತ ಸ್ವಲ್ಪ ಕೆಳಗೆ ಇಡಿ, 144ಕ್ಕೆ 140ರ ಹಾಗೆ. ಅವು ಇಲ್ಲದ ಮಾನಿಟರ್‌ಗೆ ವಿ-ಸಿಂಕ್ (ಫ್ರೇಮ್‌ಗಳನ್ನು ಮಾನಿಟರ್‌ನ ರಿಫ್ರೆಶ್ ರೇಟ್‌ಗೆ ಹೊಂದಿಸುವ ಸೆಟ್ಟಿಂಗ್) ಆನ್ ಮಾಡಿ.

ಡ್ರೈವರ್ ತಾನೇ ಹುಡುಕಿ ಹಾಕುತ್ತೇನೆ, ಎಫ್‌ಪಿಎಸ್ ಎರಡು ಪಟ್ಟು ಮಾಡುತ್ತೇನೆ ಅನ್ನುವ ಸಾಫ್ಟ್‌ವೇರ್‌ಗಳ ಹತ್ತಿರ ಹೋಗಬೇಡಿ. ವಿಂಡೋಸ್ ಡ್ರೈವರನ್ನು ರೀಸೆಟ್ ಮಾಡುವ ಆ 2 ಸೆಕೆಂಡ್ ಮಿತಿಯನ್ನು ರಿಜಿಸ್ಟ್ರಿಯಲ್ಲಿ ಹೆಚ್ಚಿಸಿದರೂ ಮೂಲ ತೊಂದರೆ ಹಾಗೇ ಇರುತ್ತದೆ, ಸ್ಕ್ರೀನ್ ಇನ್ನೂ ಹೊತ್ತು ನಿಂತಿರುತ್ತದೆ ಅಷ್ಟೇ.

ಇಷ್ಟೆಲ್ಲ ಆದಮೇಲೂ ಸ್ಕ್ರೀನ್ ಮೇಲೆ ಬಣ್ಣದ ಚುಕ್ಕೆ, ಗೆರೆ ಬರುತ್ತಿದ್ದರೆ ಕಂಪ್ಯೂಟರ್ ಆನ್ ಮಾಡಿ ಬಯೋಸ್ ಪುಟಕ್ಕೆ ಹೋಗಿ ನೋಡಿ. ಅಲ್ಲಿ ವಿಂಡೋಸ್ ಡ್ರೈವರ್ ಇನ್ನೂ ಲೋಡ್ ಆಗಿರುವುದಿಲ್ಲ. ಅಲ್ಲೂ ಅದೇ ಚುಕ್ಕೆ ಕಂಡರೆ ಕೇಬಲ್ ಮತ್ತು ಮಾನಿಟರ್ ಬದಲಾಯಿಸಿ ನೋಡಿ, ಆಮೇಲೂ ಹೋಗದಿದ್ದರೆ ಕಾರ್ಡನ್ನು ಬೇರೊಂದು ಕಂಪ್ಯೂಟರ್‌ಗೆ ಹಾಕಿ ಪರೀಕ್ಷಿಸಿ. ಅಲ್ಲೂ ಹಾಗೇ ಆದರೆ ಕೆಟ್ಟಿರುವುದು ಕಾರ್ಡೇ. ವಾರಂಟಿ ಇದ್ದರೆ ಫೋಟೋ ತೆಗೆದಿಟ್ಟುಕೊಂಡು ಕ್ಲೇಮ್ ಮಾಡಿ.